ಕಾರ್ಡು ನಮ್ಮದು, ಬೀಗದ ಕೈ ಯಾರದು?

ಲಿನಕ್ಸ್ ಹಾಕಿಕೊಂಡು ಒಂದೇ ವಾರಕ್ಕೆ ಕೈಬಿಟ್ಟ ಹುಡುಗರನ್ನು ಮಾತಾಡಿಸಿ ನೋಡಿ. ಕತೆ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಆನ್ ಮಾಡಿದರೆ ಪರದೆ ಕಪ್ಪು. ಇಲ್ಲವೇ ಗೇಮ್ ತೆವಳುತ್ತದೆ. ಇಲ್ಲವೇ ಎರಡನೇ ಮಾನಿಟರ್ ಹತ್ತುವುದಿಲ್ಲ. ಇಲ್ಲವೇ ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ‘ನಿಮ್ಮ ಗ್ರಾಫಿಕ್ಸ್ ಕಾರ್ಡ್ ಕಾಣುತ್ತಿಲ್ಲ’ ಅನ್ನುತ್ತದೆ. ಆಮೇಲೆ ತೀರ್ಪು ಸಿದ್ಧ: ‘ಲಿನಕ್ಸ್ ನಮ್ಮಂಥವರಿಗಲ್ಲ ಬಿಡಿ, ಅದು ಇಂಜಿನಿಯರುಗಳಿಗೆ.’

ಈ ತೀರ್ಪು ತಪ್ಪು, ಗೆಳೆಯರೇ. ತಪ್ಪು ನಿಮ್ಮದೂ ಅಲ್ಲ, ಲಿನಕ್ಸಿನದೂ ಅಲ್ಲ. ನೀವು ಕಾಸು ಕೊಟ್ಟು ತಂದ ಕಾರ್ಡಿಗೆ ಒಂದು ಬೀಗವಿದೆ. ಅದರ ಕೈ ಕಾರ್ಡ್ ಮಾಡಿದ ಕಂಪನಿಯ ಜೇಬಿನಲ್ಲಿದೆ. ಆ ಬೀಗದ ಹೆಸರೇ ಮುಚ್ಚಿದ ಡ್ರೈವರ್. ಅದನ್ನು ಹಾಕಿಕೊಳ್ಳುವುದು ಹೇಗೆ, ಹಾಕಿಕೊಂಡ ಮೇಲೆ ಕೆಟ್ಟರೆ ಹಿಂದಿರುಗುವುದು ಹೇಗೆ, ಮುಂದಿನ ಸಲ ಅದರ ಹಂಗೇ ಇಲ್ಲದಂತೆ ಕಾರ್ಡ್ ಕೊಳ್ಳುವುದು ಹೇಗೆ ಎಂಬ ಮೂರು ಸಂಗತಿಗಳನ್ನು ಈ ವಾರ ಕನ್ನಡದಲ್ಲೇ ಬಿಡಿಸಿ ಹೇಳುತ್ತೇನೆ.

ಈಗಲೇ ಯಾಕೆ ಈ ಮಾತು? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಪ್ರೊಸೆಸರ್ ನಡೆಯುವುದಿಲ್ಲ, ಟಿಪಿಎಂ 2.0 ಚಿಪ್ ಬೇಕೇ ಬೇಕು ಎಂಬ ಷರತ್ತು. ಗಟ್ಟಿಮುಟ್ಟಾಗಿರುವ ಕಂಪ್ಯೂಟರುಗಳು ರಾತ್ರೋರಾತ್ರಿ ಮುದುಕರಾದವು. ಹೊಸದು ಕೊಳ್ಳಲು ಕಾಸಿಲ್ಲದ ನಮ್ಮ ಹುಡುಗರು ಉಬುಂಟು, ಮಿಂಟ್ ಎಂದು ಹುಡುಕಿಕೊಂಡು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಹೊಸ ಮನೆಯ ಹೊಸ್ತಿಲಲ್ಲೇ ಎಡವಿ ಬೀಳುವುದು ಈ ಗ್ರಾಫಿಕ್ಸ್ ಕಾರ್ಡಿನ ಹತ್ತಿರ.

ಮೊದಲು ಡ್ರೈವರ್ ಅಂದರೇನು ಎಂಬುದು ತಿಳಿಯಲಿ. ಬಿಎಂಟಿಸಿ ಬಸ್ಸಿನ ಡ್ರೈವರ್ ಅಲ್ಲ ಇದು. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬ ಗಾದೆ ಕೇಳಿದ್ದೀರಲ್ಲ, ಆ ಪೂಜಾರಿಯೇ ಡ್ರೈವರ್. ಕಾರ್ಡಿನಲ್ಲಿ ಶಕ್ತಿ ಎಷ್ಟೇ ಇರಲಿ, ಅದು ಹೊರಗೆ ಬರಬೇಕಾದರೆ ನಡುವೆ ಒಂದು ತಂತ್ರಾಂಶ ನಿಲ್ಲಬೇಕು. ಇತ್ತ ಲಿನಕ್ಸಿನ ತಿರುಳಾದ ಕರ್ನಲ್, ಅತ್ತ ಕಾರ್ಡಿನ ಚಿಪ್. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ದುಭಾಷಿ ಅದು. ದುಭಾಷಿ ಇಲ್ಲದಿದ್ದರೆ ಕಾರ್ಡು ಬರಿ ಫ್ಯಾನ್ ತಿರುಗಿಸುವ ಲೋಹದ ತುಂಡು.

ಈ ದುಭಾಷಿಗಳಲ್ಲಿ ಎರಡು ಜಾತಿ. ಒಂದು, ಏನು ಮಾಡುತ್ತಿದ್ದೇನೆ ಎಂಬುದನ್ನು ಎಲ್ಲರೆದುರು ತೆರೆದಿಟ್ಟುಕೊಂಡು ಮಾಡುವವನು. ಇನ್ನೊಂದು, ಬಾಗಿಲು ಹಾಕಿಕೊಂಡು ಒಳಗೇ ಮಾಡಿ ಕೆಲಸ ಮಾತ್ರ ಹೊರಗೆ ಕೊಡುವವನು. ಇಂಟೆಲ್ ತನ್ನ ಗ್ರಾಫಿಕ್ಸ್ ಡ್ರೈವರನ್ನು ತೆರೆದಿಟ್ಟಿದೆ. ಎಎಂಡಿ 2007ರಲ್ಲಿ ತನ್ನ ಚಿಪ್ಪುಗಳ ವಿವರಗಳನ್ನು ಬಹಿರಂಗಪಡಿಸುವ ನಿರ್ಧಾರ ಮಾಡಿತು. 2015ರಲ್ಲಿ ಅದರ ‘ಎಎಂಡಿಜಿಪಿಯು’ ಎಂಬ ಡ್ರೈವರ್ ಕರ್ನಲ್ ಒಳಗೇ ಸೇರಿತು. ಬಾಗಿಲು ಹಾಕಿಕೊಂಡು ಕೂತಿದ್ದು ಎನ್ವಿಡಿಯಾ.

ಆದ್ದರಿಂದ ಮೊದಲ ಪಾಠ ಇದು, ಗೋಡೆಗೆ ಬರೆದು ಅಂಟಿಸಿಕೊಳ್ಳಿ. ನಿಮ್ಮದು ಇಂಟೆಲ್ ಅಥವಾ ಎಎಂಡಿ ಕಾರ್ಡಾದರೆ ಏನನ್ನೂ ಹಾಕಬೇಡಿ! ಡ್ರೈವರ್ ಆಗಲೇ ಕರ್ನಲ್‌ನಲ್ಲಿದೆ. ಅದರ ಜೊತೆಗಾರ ‘ಮೆಸಾ’ ಎಂಬ ತಂತ್ರಾಂಶವೂ ಆಗಲೇ ಕೂತಿದೆ. ವಿಂಡೋಸಿನ ಚಾಳಿಯಲ್ಲಿ ಕಂಪನಿಯ ಜಾಲತಾಣಕ್ಕೆ ಹೋಗಿ ಏನೋ ಒಂದು ಫೈಲ್ ಇಳಿಸಿಕೊಂಡು ಬಂದು, ಸರಿಯಿದ್ದುದನ್ನು ಕೆಡಿಸಿಕೊಂಡು ಕೂರುವವರೇ ಹೆಚ್ಚು. ಸಿಸ್ಟಂ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಅಷ್ಟೇ ಕೆಲಸ.

ಎನ್ವಿಡಿಯಾ ಕಾರ್ಡ್ ಇರುವವರು ಮುಂದೆ ಓದಿ.

ನಿಮ್ಮ ಕಾರ್ಡಿಗೂ ಲಿನಕ್ಸಿನಲ್ಲಿ ಒಬ್ಬ ತೆರೆದ ದುಭಾಷಿ ಇದ್ದಾನೆ. ಹೆಸರು ‘ನೂವೋ’. ಕಂಪನಿ ವಿವರ ಕೊಡಲಿಲ್ಲ. ಹಾಗಂತ ಲೋಕ ಕೈಕಟ್ಟಿ ಕೂರಲಿಲ್ಲ. ಕಾರ್ಡಿಗೆ ಏನು ಕೊಟ್ಟರೆ ಏನು ಬರುತ್ತದೆ ಎಂದು ಹೊರಗಿನಿಂದಲೇ ನೋಡಿ ನೋಡಿ, ಕತ್ತಲಲ್ಲಿ ಕೈಯಾಡಿಸಿ ಬರೆದ ಡ್ರೈವರ್ ಅದು. 2010ರಲ್ಲಿ ಬಂದ ಕರ್ನಲ್‌ಗೆ ಸೇರಿತು. ಮೊದಲ ದಿನ ನಿಮ್ಮ ಪರದೆಯ ಮೇಲೆ ಚಿತ್ರ ಮೂಡಿಸುವವನು ಅವನೇ. ಆದರೆ 2014ರ ನಂತರದ ಕಾರ್ಡುಗಳಲ್ಲಿ ಕಂಪನಿ ಇನ್ನೊಂದು ಚಿಲಕ ಹಾಕಿತು. ತನ್ನ ಸಹಿ ಇರುವ ಫರ್ಮ್‌ವೇರ್ ಇಲ್ಲದಿದ್ದರೆ ಕಾರ್ಡಿನ ವೇಗ ಏರಿಸಲು ಬಿಡದ ಚಿಲಕ. ಕಾಸು ಕೊಟ್ಟವರು ನೀವು, ಕಾರ್ಡು ನಿಮ್ಮ ಮನೆಯಲ್ಲಿದೆ, ಕರೆಂಟ್ ಬಿಲ್ ನಿಮ್ಮದು. ಓಡಬೇಕೋ ತೆವಳಬೇಕೋ ಎಂದು ಹೇಳುವವರು ಅವರು! ಇದು ಯಾವ ನ್ಯಾಯ? ನೂವೋ ಹಾಕಿಕೊಂಡು ಗೇಮ್ ತೆವಳುವುದಕ್ಕೆ ಮುಖ್ಯ ಕಾರಣ ಇದೇ.

ಇಂಥ ಬೀಗದ ಮೇಲಿನ ಸಿಟ್ಟಿನಿಂದಲೇ ಒಂದು ದೊಡ್ಡ ಚಳವಳಿ ಹುಟ್ಟಿದ್ದು ಎಂಬುದು ನಿಮಗೆ ಗೊತ್ತಿರಲಿ. ಮುದ್ರಣದವನಾದ ನನಗೆ ಈ ಕತೆ ಬಲು ಇಷ್ಟ. ಅದು ಶುರುವಾದದ್ದು ಒಂದು ಪ್ರಿಂಟರಿನಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತ, ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಪ್ರೋಗ್ರಾಂ ತಿದ್ದಿದ್ದ. ಹೊಸದರಲ್ಲೂ ಹಾಗೆ ಮಾಡಲು ಹೊರಟರೆ ಅದರ ಮೂಲ ಬರಹವೇ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರು, ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇವೆ ಎಂದು ಕೈಚೆಲ್ಲಿದರು. ಆ ಸಿಟ್ಟು ಆರಲಿಲ್ಲ. 1983ರಲ್ಲಿ ಸ್ಟಾಲ್‌ಮನ್ ‘ಗ್ನೂ’ ಯೋಜನೆ ಘೋಷಿಸಿದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್ ಬಂತು. ಇವೆರಡೂ ಸೇರಿ ಇಂದು ನಿಮ್ಮ ಮೇಜಿನ ಮೇಲಿವೆ. ಇದೇ ಲೈನಸ್, 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಎನ್ವಿಡಿಯಾ ಹೆಸರೆತ್ತಿ, ಕ್ಯಾಮೆರಾ ಕಡೆ ತಿರುಗಿ ಬಹಿರಂಗವಾಗಿ ಬೆರಳು ತೋರಿಸಿದ. ಸಭ್ಯರ ಕೆಲಸವಲ್ಲ, ನಿಜ. ಆದರೆ ಆ ಸಿಟ್ಟಿನ ಹಿಂದೆ ಎಷ್ಟು ವರ್ಷದ ತಲೆನೋವಿತ್ತೆಂದು ಕರ್ನಲ್ ಕೆಲಸ ಮಾಡುವವರಿಗೆ ಗೊತ್ತು.

ತಲೆನೋವು ಏನೆಂದರೆ, ಕರ್ನಲ್ ಸದಾ ಬದಲಾಗುತ್ತಿರುತ್ತದೆ. ಒಳಗಿನ ಗೋಡೆ ಬಾಗಿಲುಗಳನ್ನು ಅವರು ಯಾವಾಗ ಬೇಕಾದರೂ ಸರಿಸುತ್ತಾರೆ. ತೆರೆದ ಡ್ರೈವರ್ ಕರ್ನಲ್ ಒಳಗೇ ಇರುವುದರಿಂದ, ಗೋಡೆ ಸರಿಸಿದವರೇ ಅದನ್ನೂ ಸರಿಪಡಿಸುತ್ತಾರೆ. ಮುಚ್ಚಿದ ಡ್ರೈವರ್ ಹೊರಗಿನ ನೆಂಟ. ಒಳಗೆ ಏನಿದೆಯೆಂದು ಕಾಣದ್ದನ್ನು ಸರಿಪಡಿಸುವವರು ಯಾರು? ಅದಕ್ಕೇ ಅಂಥ ಡ್ರೈವರ್ ಸೇರಿದ ಕೂಡಲೇ ಕರ್ನಲ್ ತನ್ನ ಮೇಲೆ ತಾನೇ ‘ಕಳಂಕಿತ’ ಎಂದು ಗುರುತು ಹಾಕಿಕೊಳ್ಳುತ್ತದೆ. ಆ ಗುರುತಿರುವ ಯಂತ್ರದ ದೂರನ್ನು ಕರ್ನಲ್‌ನವರು ಸಾಮಾನ್ಯವಾಗಿ ಕೇಳಿಸಿಕೊಳ್ಳುವುದಿಲ್ಲ. ಕಂಪನಿಯನ್ನು ಕೇಳಿ ಅನ್ನುತ್ತಾರೆ.

ಹಾಗಾದರೆ ಹಾಕಿಕೊಳ್ಳಲೇಬಾರದೆ? ಹಾಗೆ ಹೇಳುವ ಮಡಿವಂತ ನಾನಲ್ಲ. ಹೊಟ್ಟೆಪಾಡಿಗೆ ವಿಡಿಯೋ ಎಡಿಟ್ ಮಾಡುವ ಹುಡುಗನಿಗೆ, ತ್ರೀಡಿ ಕಲಿಯುವ ಹುಡುಗಿಗೆ ಉಪದೇಶದಿಂದ ಕೆಲಸವಾಗುವುದಿಲ್ಲ. ಹಾಕಿಕೊಳ್ಳಿ. ಆದರೆ ಕಣ್ಣು ತೆರೆದು ಹಾಕಿಕೊಳ್ಳಿ. ಕ್ರಮ ಹೀಗೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಬೇಕು.

ಒಂದು: ಕಾರ್ಡ್ ಯಾವುದೆಂದು ತಿಳಿಯಿರಿ. ಟರ್ಮಿನಲ್ ತೆರೆದು ಎಲ್-ಎಸ್-ಪಿ-ಸಿ-ಐ ಎಂಬ ಐದು ಅಕ್ಷರ ಒತ್ತಿ ಎಂಟರ್ ಕೊಡಿ. ಯಂತ್ರದೊಳಗಿನ ಚಿಪ್ಪುಗಳ ಪಟ್ಟಿ ಬರುತ್ತದೆ. ‘ವಿಜಿಎ’ ಅಥವಾ ‘3ಡಿ’ ಎಂದಿರುವ ಸಾಲಿನಲ್ಲಿ ಕಾರ್ಡಿನ ಹೆಸರಿದೆ, ಬರೆದಿಟ್ಟುಕೊಳ್ಳಿ. ಟರ್ಮಿನಲ್ ಭಯವಿದ್ದರೆ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ ನೋಡಿ. ಅಲ್ಲಿ ಗ್ರಾಫಿಕ್ಸ್ ಎಂಬಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದು ಬಂದಿದ್ದರೆ, ಕಾರ್ಡು ಕೆಲಸವನ್ನೇ ಮಾಡುತ್ತಿಲ್ಲ, ಪಾಪದ ಪ್ರೊಸೆಸರೇ ಚಿತ್ರ ಬಿಡಿಸುತ್ತಿದೆ ಎಂದರ್ಥ.

ಎರಡು: ಹಿಂದಿರುಗುವ ದಾರಿ ಮೊದಲು ಮಾಡಿಕೊಳ್ಳಿ. ‘ಟೈಮ್‌ಶಿಫ್ಟ್’ ಎಂಬ ತಂತ್ರಾಂಶವಿದೆ. ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಉಬುಂಟುವಿನಲ್ಲಿ ಹಾಕಿಕೊಳ್ಳಬೇಕು. ಅದರಲ್ಲಿ ಸಿಸ್ಟಮ್ಮಿನ ಒಂದು ಪ್ರತಿ ತೆಗೆದಿಡಿ. ನಾಳೆ ಏನೇ ಕೆಟ್ಟರೂ ಇವತ್ತಿನ ಸ್ಥಿತಿಗೆ ಮರಳಬಹುದು. ನಿಮ್ಮ ಸ್ವಂತ ಫೈಲುಗಳನ್ನು ಮಾತ್ರ ಪೆನ್‌ಡ್ರೈವಿನಲ್ಲೋ ಬೇರೆ ಡಿಸ್ಕಿನಲ್ಲೋ ಪ್ರತ್ಯೇಕ ಇಟ್ಟುಕೊಳ್ಳಿ, ಟೈಮ್‌ಶಿಫ್ಟ್ ಅವನ್ನು ತಾನಾಗಿ ಉಳಿಸುವುದಿಲ್ಲ. ಬಸ್ಸಿನಲ್ಲಿ ಬರೆದಿರುತ್ತಾರಲ್ಲ, ಅವಸರವೇ ಅಪಘಾತಕ್ಕೆ ಕಾರಣ. ಅದು ಇಲ್ಲಿಗೂ ಸರಿ.

ಮೂರು: ಬಾಕಿಯಿರುವ ಅಪ್‌ಡೇಟುಗಳನ್ನೆಲ್ಲ ಮುಗಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಹಳೆಯ ಕರ್ನಲ್ ಮೇಲೆ ನಿಂತು ಹೊಸ ಡ್ರೈವರ್ ಹಾಕಲು ಹೋಗಬೇಡಿ.

ನಾಲ್ಕು: ನಿಮ್ಮ ಲಿನಕ್ಸಿನ ಸ್ವಂತ ಉಗ್ರಾಣದಿಂದಲೇ ಡ್ರೈವರ್ ತೆಗೆದುಕೊಳ್ಳಿ. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ನಿಮ್ಮ ಕಾರ್ಡಿಗೆ ಒಪ್ಪುವ ಡ್ರೈವರುಗಳ ಪಟ್ಟಿ ಅದೇ ಹುಡುಕಿ ಕೊಡುತ್ತದೆ. ‘ಟೆಸ್ಟೆಡ್’ ಅಥವಾ ‘ರೆಕಮೆಂಡೆಡ್’ ಎಂದಿರುವುದನ್ನು ಆರಿಸಿ ‘ಅಪ್ಲೈ’ ಒತ್ತಿ. ‘ಸರ್ವರ್’ ಎಂದಿರುವುದು ದೊಡ್ಡ ಕಂಪ್ಯೂಟರ್ ಕೇಂದ್ರಗಳಿಗೆ, ನಮಗಲ್ಲ. ಹೆಸರಿನ ಕೊನೆಗೆ ‘ಓಪನ್’ ಎಂದಿದ್ದರೆ ಅದು ಜಿಟಿಎಕ್ಸ್ 1650, ಆರ್‌ಟಿಎಕ್ಸ್ 2060 ಮುಂತಾದ, 2018ರ ನಂತರದ ಪೀಳಿಗೆಯ ಕಾರ್ಡುಗಳಿಗೆ ಮಾತ್ರ. ಓಪನ್ ಎಂಬ ಹೆಸರಿನ ಆಸೆಗೆ ಹಳೆಯ ಕಾರ್ಡಿಗೆ ಅದನ್ನು ಹಾಕಿದರೆ ಕೆಲಸ ಮಾಡುವುದಿಲ್ಲ. ಟರ್ಮಿನಲ್‌ನಲ್ಲಿ ಮಾಡುವವರು ಉಬುಂಟುವಿನಲ್ಲಿ ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಎಂದರೆ ಸಾಕು, ಸರಿಯಾದದ್ದನ್ನು ಅದೇ ಆರಿಸುತ್ತದೆ. ಫೆಡೋರಾದವರು ‘ಆರ್‌ಪಿಎಂ ಫ್ಯೂಷನ್’ ಎಂಬ ಉಗ್ರಾಣ ಸೇರಿಸಿಕೊಂಡು ‘ಎಕೆಮಾಡ್-ಎನ್ವಿಡಿಯಾ’ ಹಾಕಬೇಕು. ಹಾಕಿದ ಕೂಡಲೇ ರೀಸ್ಟಾರ್ಟ್ ಒತ್ತದೆ ಒಂದು ಲೋಟ ಚಹಾ ಕುಡಿದು ಬನ್ನಿ. ಒಳಗೆ ಡ್ರೈವರ್ ಕಟ್ಟುವ ಕೆಲಸ ಕೆಲವು ನಿಮಿಷ ನಡೆಯುತ್ತಿರುತ್ತದೆ. ಡೆಬಿಯನ್‌ನವರು ಉಗ್ರಾಣದ ‘ಕಾಂಟ್ರಿಬ್’ ಮತ್ತು ‘ನಾನ್-ಫ್ರೀ’ ವಿಭಾಗಗಳನ್ನು ತೆರೆದ ಮೇಲೆ ಡ್ರೈವರ್ ಕಾಣಿಸುತ್ತದೆ. ಆ ವಿಭಾಗದ ಹೆಸರೇ ಹೇಳುತ್ತದೆ, ಇದು ಸ್ವತಂತ್ರ ತಂತ್ರಾಂಶವಲ್ಲ ಎಂದು. ಮರ್ಯಾದಸ್ಥರು, ಸುಳ್ಳು ಹೇಳುವುದಿಲ್ಲ.

ಐದು: ನೀಲಿ ಪರದೆಗೆ ಹೆದರಬೇಡಿ. ಹೊಸ ಕಂಪ್ಯೂಟರುಗಳಲ್ಲಿ ‘ಸೆಕ್ಯೂರ್ ಬೂಟ್’ ಎಂಬ ಕಾವಲುಗಾರನಿದ್ದಾನೆ. ಗುರುತಿನ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಅದಕ್ಕಾಗಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಇಟ್ಟು, ಕಾಗದದಲ್ಲಿ ಬರೆದುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಕೆಲವೇ ಸೆಕೆಂಡ್ ಕಾಯುತ್ತದೆ, ಆ ವೇಳೆಗೆ ಯಾವುದಾದರೂ ಕೀ ಒತ್ತಿ. ‘ಎನ್‌ರೋಲ್ ಎಂಒಕೆ’, ಆಮೇಲೆ ‘ಕಂಟಿನ್ಯೂ’, ಆಮೇಲೆ ‘ಯೆಸ್’, ಆಮೇಲೆ ಬರೆದಿಟ್ಟ ಪಾಸ್‌ವರ್ಡ್, ಕೊನೆಗೆ ‘ರೀಬೂಟ್’. ‘ಡ್ರೈವರ್ ಹಾಕಿದೆ, ಆದರೂ ಕಾರ್ಡ್ ಹತ್ತಲಿಲ್ಲ’ ಎನ್ನುವವರಲ್ಲಿ ಬಹಳ ಜನ ಈ ನೀಲಿ ಪರದೆಯನ್ನು ದಾಟಿಸಿಬಿಟ್ಟಿರುತ್ತಾರೆ. ಅಂದಹಾಗೆ, ಎಂಒಕೆ ಎಂದರೆ ‘ಮೆಷಿನ್ ಓನರ್ ಕೀ’. ಯಂತ್ರದ ಮಾಲೀಕನ ಬೀಗದ ಕೈ! ಇಡೀ ವ್ಯವಹಾರದಲ್ಲಿ ನಿಮ್ಮನ್ನು ಮಾಲೀಕ ಎಂದು ಕರೆಯುವುದು ಇಲ್ಲೊಂದೇ ಕಡೆ. ಆ ಅವಕಾಶ ಬಿಡಬೇಡಿ.

ಆರು: ಪರೀಕ್ಷೆ ಮಾಡಿ. ಟರ್ಮಿನಲ್‌ನಲ್ಲಿ ‘ಎನ್ವಿಡಿಯಾ-ಎಸ್‌ಎಂಐ’ ಎಂದು ಕೊಡಿ. ಎನ್ವಿಡಿಯಾ ಪದದ ಮುಂದೆ ಒಂದು ಅಡ್ಡಗೆರೆ, ಆಮೇಲೆ ಎಸ್, ಎಂ, ಐ. ಕಾರ್ಡಿನ ಹೆಸರು, ಡ್ರೈವರಿನ ಸಂಖ್ಯೆ, ಬಿಸಿ ಎಷ್ಟಿದೆ ಎಂಬ ಪಟ್ಟಿ ಬಂದರೆ ಗೆದ್ದಿರಿ.

ಲ್ಯಾಪ್‌ಟಾಪಿನವರಿಗೆ ಒಂದು ಹೆಚ್ಚಿನ ಮಾತು. ನಿಮ್ಮಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತವೆ. ದಿನದ ಕೆಲಸಕ್ಕೆ ಇಂಟೆಲ್ ಅಥವಾ ಎಎಂಡಿ, ಭಾರದ ಕೆಲಸಕ್ಕೆ ಎನ್ವಿಡಿಯಾ. ಡ್ರೈವರ್ ಹಾಕಿದ ಮೇಲೆ ಎನ್ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ‘ಆನ್-ಡಿಮಾಂಡ್’ ಆರಿಸಿಕೊಳ್ಳಿ. ಬೇಕಾದಾಗ ಮಾತ್ರ ದೊಡ್ಡ ಎತ್ತನ್ನು ಹೂಡಿದಂತೆ. ಯಾವಾಗಲೂ ಅದನ್ನೇ ಓಡಿಸಿದರೆ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ.

ಇನ್ನು ಮಾಡಬಾರದ್ದು. ಕಂಪನಿಯ ಜಾಲತಾಣದಲ್ಲಿ ‘ರನ್’ ಎಂದು ಕೊನೆಯಾಗುವ ಒಂದು ಫೈಲ್ ಸಿಗುತ್ತದೆ. ಹೊಸಬರು ಅದರ ಹತ್ತಿರ ಹೋಗಬೇಡಿ. ಉಗ್ರಾಣದಿಂದ ಬಂದ ಡ್ರೈವರ್ ಲೆಕ್ಕದಲ್ಲಿರುತ್ತದೆ. ಹೊಸ ಕರ್ನಲ್ ಬಂದಾಗ ಅದಕ್ಕೆ ಹೊಂದುವ ಡ್ರೈವರನ್ನೂ ಸಿಸ್ಟಂ ಜೊತೆಗೇ ಸಿದ್ಧ ಮಾಡಿಕೊಳ್ಳುತ್ತದೆ, ಬೇಡವೆಂದಾಗ ಬುಡಸಮೇತ ತೆಗೆಯುತ್ತದೆ. ಹೊರಗಿನಿಂದ ತಂದು ತುರುಕಿದ್ದು ಲೆಕ್ಕದಲ್ಲಿಲ್ಲ. ತಿಂಗಳ ನಂತರ ಕರ್ನಲ್ ಬದಲಾದ ದಿನ ಪರದೆ ಕಪ್ಪಾಗುತ್ತದೆ. ಆ ಹೊತ್ತಿಗೆ ನೀವೇನು ಮಾಡಿದ್ದಿರೆಂದು ನಿಮಗೇ ಮರೆತಿರುತ್ತದೆ. ಎರಡನ್ನೂ ಬೆರೆಸುವುದಂತೂ ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಹಾಗೆಯೇ, ಯಾರೋ ಎಲ್ಲೋ ಹೇಳಿದ ಉದ್ದದ ಆಜ್ಞೆಯನ್ನು ಅರ್ಥ ತಿಳಿಯದೆ ನಕಲು ಮಾಡಿ ಒತ್ತಬೇಡಿ. ‘ಸುಡೊ’ ಎಂಬ ಪದ ಬಂದರೆ ಯಜಮಾನನ ಅಧಿಕಾರ ಕೊಟ್ಟಿರಿ ಎಂದರ್ಥ. ಗುರುತಿಲ್ಲದವರ ಕೈಗೆ ಮನೆಯ ಬೀಗದ ಕೈ ಕೊಡುತ್ತೀರಾ?

ಇಷ್ಟಾದರೂ ಪರದೆ ಕಪ್ಪಾಯಿತು ಅಂತಿಟ್ಟುಕೊಳ್ಳಿ. ಅಳಬೇಡಿ, ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಫೈಲುಗಳೆಲ್ಲ ಇದ್ದಲ್ಲೇ ಇವೆ, ಕಣ್ಣು ಮಾತ್ರ ಮುಚ್ಚಿದೆ. ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಎಸ್ಕೇಪ್ ಕೀ, ಹಳೆಯ ಯಂತ್ರವಾದರೆ ಶಿಫ್ಟ್ ಕೀ ಒತ್ತಿ. ‘ಗ್ರಬ್’ ಎಂಬ ಪಟ್ಟಿ ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಬೆಳಕು ಬರುತ್ತದೆ. ಬರಲಿಲ್ಲವೆ? ಅದೇ ಪಟ್ಟಿಯಲ್ಲಿ ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿ. ಒರಟಾದ ಚಿತ್ರವಾದರೂ ಬರುತ್ತದೆ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ಅಡಿಷನಲ್ ಡ್ರೈವರ್ಸ್‌ನಲ್ಲಿ ನೂವೋಗೆ ಮರಳಿ, ಅಥವಾ ಟೈಮ್‌ಶಿಫ್ಟ್‌ನಿಂದ ಹಳೆಯ ಪ್ರತಿ ತಂದುಕೊಳ್ಳಿ. ಚಿತ್ರವೇ ಬರದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬರಿ ಅಕ್ಷರದ ಪರದೆ ಬರುತ್ತದೆ. ಲಾಗಿನ್ ಆಗಿ ‘ಸುಡೊ ಟೈಮ್‌ಶಿಫ್ಟ್ --ರಿಸ್ಟೋರ್’ ಎಂದು ಕೊಡಿ. ಎರಡನೇ ಹೆಜ್ಜೆಯಲ್ಲಿ ಹಿಂದಿರುಗುವ ದಾರಿ ಮಾಡಿಕೊಳ್ಳಿ ಅಂದದ್ದು ಈ ಗಳಿಗೆಗಾಗಿಯೇ.

ಇದು ಹಾಕಿಕೊಳ್ಳುವ ವಿದ್ಯೆ. ಇದಿಷ್ಟೇ ಆಗಿದ್ದರೆ ಸಂಪಾದಕೀಯ ಬರೆಯಬೇಕಾಗಿರಲಿಲ್ಲ. ನಿಜವಾದ ಸಂಕಟ ಬೇರೆ ಇದೆ.

ಜಿಟಿ 710 ಎಂಬ ಪುಟ್ಟ ಕಾರ್ಡನ್ನು ನೀವು ನೋಡಿರುತ್ತೀರಿ. ಎರಡು ಮಾನಿಟರ್ ಬೇಕೆಂದವರು ಹಾಕಿಸಿಕೊಂಡ ಅಗ್ಗದ ಕಾರ್ಡು. ಎಸ್.ಪಿ. ರಸ್ತೆಯ ಹಳೆಯ ಮಾಲಿನ ಅಂಗಡಿಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಒಪ್ಪುವ ಕೊನೆಯ ಡ್ರೈವರ್ 470ರ ಸರಣಿ. 2024ರಲ್ಲಿ ಕಂಪನಿ ಆ ಸರಣಿಯ ಬೆಂಬಲ ನಿಲ್ಲಿಸಿತು. ಕಾರ್ಡಿಗೇನಾಗಿದೆ? ಏನೂ ಆಗಿಲ್ಲ. ಫ್ಯಾನೇ ಇಲ್ಲದ ಮಾದರಿಗಳೂ ಇವೆ, ಸವೆಯುವುದಕ್ಕೆ ಏನಿದೆ? ಆದರೆ ಕರ್ನಲ್ ಮುಂದೆ ಮುಂದೆ ಹೋದಂತೆ ಡ್ರೈವರ್ ಹಿಂದೆ ಉಳಿಯುತ್ತದೆ. ಒಂದು ದಿನ ಎರಡರ ಕೊಂಡಿ ಕಳಚುತ್ತದೆ. ಅದಕ್ಕೂ ಹಿಂದಿನ ಪೀಳಿಗೆಯ 390ರ ಸರಣಿ 2022ರ ಕೊನೆಗೇ ಮುಗಿದಿತ್ತು. ಈಗ ಸರದಿ 2016ರಲ್ಲಿ ಬಂದ ಜಿಟಿಎಕ್ಸ್ 1050, 1060ಗಳದ್ದು. 2025ರಲ್ಲಿ ಬಂದ 580ರ ಸರಣಿಯೇ ಅವಕ್ಕೆ ಕೊನೆಯದು. ಹೊಟ್ಟೆ ಬಟ್ಟೆ ಕಟ್ಟಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಹುಡುಗನಿಗೆ ಅಂಗಡಿಯವನು ಇದನ್ನು ಹೇಳುತ್ತಾನೆಯೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಧೋರಣೆ ಕಂಪನಿಯದು. ಹೊಳೆ ದಾಟಿಸಿದವರು ಮಾತ್ರ ನಾವು, ನಮ್ಮ ಕಾಸು.

ಹಳೆಯ ಎಎಂಡಿ ಕಾರ್ಡಿನ ಕತೆ ಬೇರೆ. ಕಂಪನಿ ಅದನ್ನು ಮರೆತು ಎಷ್ಟೋ ವರ್ಷವಾಗಿರಬಹುದು. ಆದರೂ ಅದರ ‘ರೇಡಿಯಾನ್’ ಡ್ರೈವರ್ ಕರ್ನಲ್ ಒಳಗಿದೆ. ಬರಹ ಎಲ್ಲರೆದುರಿಗಿರುವುದರಿಂದ ಬೇಕಾದವನು ತಿದ್ದುತ್ತಾನೆ. ತೆರೆದಿಟ್ಟದ್ದಕ್ಕೆ ಸಾವು ಸುಲಭವಾಗಿ ಬರುವುದಿಲ್ಲ.

ಇದನ್ನು ಮುದ್ರಣದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ಶತಮಾನ ದಾಟಿದ ಹೈಡೆಲ್‌ಬರ್ಗ್ ಯಂತ್ರಗಳು ಇಂದಿಗೂ ನಂಬರ್ ಹಾಕುತ್ತ, ರಟ್ಟು ಕತ್ತರಿಸುತ್ತ ಅನ್ನ ಹಾಕುತ್ತಿವೆ. ಯಾಕೆ? ಮುಚ್ಚಳ ತೆಗೆದರೆ ಗಾಲಿ ಕಾಣುತ್ತದೆ, ಸವೆದ ಗಾಲಿಯನ್ನು ಊರಿನ ಲೇತ್‌ನವನೇ ಕಡೆದುಕೊಡುತ್ತಾನೆ. ಅದೇ, ಕನ್ನಡ ಡಿಟಿಪಿಯ ಮೊದಲ ದಿನಗಳನ್ನು ನೆನೆಯಿರಿ. ಒಬ್ಬೊಬ್ಬರದು ಒಂದೊಂದು ಗುಟ್ಟಿನ ಸಂಕೇತ. ಇವರ ಫಾಂಟಿನಲ್ಲಿ ಹೊಡೆದ ‘ಕನ್ನಡ’ ಅವರ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆಗ ಹೊಡೆದಿಟ್ಟ ಎಷ್ಟೋ ಪುಟ ಇಂದು ತೆರೆಯಲಾಗದೆ ಸಿಡಿಗಳಲ್ಲಿ ಕೊಳೆಯುತ್ತಿದೆ. ನಮ್ಮದೇ ಮಾತು, ನಮ್ಮದೇ ಅಕ್ಷರ, ಬೀಗ ಇನ್ನೊಬ್ಬರದು. ಅಕ್ಷರಕ್ಕೆ ಯೂನಿಕೋಡ್ ಬಂದು ಆ ಬೀಗ ಮುರಿಯಿತು. ಕಾರ್ಡಿನ ಬೀಗ ಮುರಿಯುವುದು ಬಾಕಿಯಿದೆ.

ಹಾಗಂತ ಏನೂ ಅಲುಗಿಲ್ಲವೆಂದರೆ ಸುಳ್ಳಾಗುತ್ತದೆ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗದ ಮೂಲ ಬರಹವನ್ನು ಬಹಿರಂಗಗೊಳಿಸಿತು. ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ‘ಓಪನ್’ ಅದೇ. 2025ರ ಆರ್‌ಟಿಎಕ್ಸ್ 50 ಸರಣಿಗೆ ಆ ತೆರೆದ ಭಾಗ ಬಿಟ್ಟು ಬೇರೆಯದೇ ನಡೆಯುವುದಿಲ್ಲ. ಅತ್ತ ನೂವೋ ಜೊತೆ ಕೆಲಸ ಮಾಡುವ ‘ಎನ್‌ವಿಕೆ’ ಎಂಬ ತೆರೆದ ಡ್ರೈವರ್ ಕೂಡ ಮೆಸಾದೊಳಗೆ ಬೆಳೆಯುತ್ತಿದೆ. ಸಂತೋಷ. ಆದರೆ ಬಾಗಿಲು ತೆಗೆದದ್ದು ಪಡಸಾಲೆಗೆ ಮಾತ್ರ. ಚಿತ್ರ ಬಿಡಿಸುವ ಮೇಲ್ಭಾಗವೂ ಕಾರ್ಡಿನೊಳಗಿನ ಫರ್ಮ್‌ವೇರೂ ಇನ್ನೂ ಮುಚ್ಚಿಯೇ ಇವೆ. ಹಳೆಯ ಕಾರ್ಡಿನವರಿಗಂತೂ ಆ ಪಡಸಾಲೆಯೂ ಇಲ್ಲ. ನಾವು ಕೇಳಬೇಕಾದದ್ದು ಭಿಕ್ಷೆಯಲ್ಲ, ಸರಳವಾದ ಒಂದು ನ್ಯಾಯ: ನೀವು ಕೈಬಿಟ್ಟ ಕಾರ್ಡಿನ ಬೀಗವನ್ನಾದರೂ ತೆಗೆದುಬಿಡಿ. ನೀವು ದುಡಿದದ್ದು ಆಯಿತು, ನಾವು ಬದುಕಿಸಿಕೊಳ್ಳುತ್ತೇವೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದೇನು? ಮೊದಲನೆಯದು ಜೇಬು. ಕಾರ್ಡ್ ಕೊಳ್ಳಲು ಹೋದಾಗ ಬೆಲೆ ಕೇಳುವ ಮುಂಚೆ ಕೇಳಿ: ಇದರ ಡ್ರೈವರ್ ಕರ್ನಲ್ ಒಳಗಿದೆಯೋ ಹೊರಗಿದೆಯೋ? ಹೊರಗಿದ್ದರೆ, ಯಾವ ಸರಣಿ, ಇನ್ನೆಷ್ಟು ದಿನ? ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ನೀವೇ ತಿಳಿದುಕೊಂಡು ಹೋಗಿ ಅವನಿಗೂ ಹೇಳಿ. ಬರಿ ಓದು, ಬರಹ, ಸಿನಿಮಾ ನೋಡುವುದಕ್ಕಾದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕು, ಪ್ರತ್ಯೇಕ ಕಾರ್ಡಿನ ದಂಡವೇ ಬೇಡ. ಬೇಕೇ ಬೇಕೆಂದಾದರೆ ತೆರೆದ ಬಾಗಿಲಿನ ಕಾರ್ಡಿಗೆ ಮೊದಲ ಮಣೆ ಹಾಕಿ.

ಎರಡನೆಯದು ನಾಲಿಗೆ. ಕಪ್ಪು ಪರದೆಯ ಮುಂದೆ ಕೂತ ಹುಡುಗ ಸೋಲುವುದು ತಂತ್ರಜ್ಞಾನಕ್ಕಲ್ಲ. ಅದನ್ನು ಬಿಡಿಸಿ ಹೇಳುವ ನಾಲ್ಕು ಸಾಲು ತನ್ನ ಭಾಷೆಯಲ್ಲಿ ಸಿಗದ ಒಂಟಿತನಕ್ಕೆ. ತೆರೆದ ತಂತ್ರಾಂಶದ ದೊಡ್ಡ ಗುಣವೆಂದರೆ ಅದಕ್ಕೆ ಕನ್ನಡ ಕಲಿಸಲು ಯಾರ ಅಪ್ಪಣೆಯೂ ಬೇಡ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು ಡೆಬಿಯನ್ ಉಗ್ರಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಗ್ನೋಮ್, ಕೆಡಿಇ ಪರದೆಗಳಿಗೂ ಕನ್ನಡ ಅನುವಾದವಿದೆ. ಅದೇ ಕೆಲಸವನ್ನು ನೀವೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಇವತ್ತು ಡ್ರೈವರ್ ಹಾಕಿ ಗೆದ್ದಿರಾ? ಯಾವ ಕಾರ್ಡು, ಯಾವ ಲಿನಕ್ಸು, ಯಾವ ಸರಣಿ, ಎಲ್ಲಿ ಸಿಕ್ಕಿಕೊಂಡಿತು, ಹೇಗೆ ಬಿಡಿಸಿದಿರಿ ಎಂದು ಕನ್ನಡದಲ್ಲಿ ಹತ್ತು ಸಾಲು ಬರೆದಿಡಿ. ಓಣಿಯ ಇನ್ನೊಬ್ಬ ಹುಡುಗನ ಕೈಗೆ ಕೊಡಿ. ಕಾಲೇಜಿನ ಗೋಡೆಗೆ ಅಂಟಿಸಿ.

ಕಂಪನಿ ಬೀಗ ಹಾಕಬಹುದು. ಕಲಿತದ್ದನ್ನು ಹೇಳಿಕೊಡುವ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಇವತ್ತು ಸಂಜೆಯೇ ಟರ್ಮಿನಲ್ ತೆರೆಯಿರಿ. ಎಲ್, ಎಸ್, ಪಿ, ಸಿ, ಐ. ಒಳಗೆ ಯಾರಿದ್ದಾರೆಂದು ಮೊದಲು ನೋಡಿಕೊಳ್ಳಿ.